ನೀಲವ್ವನ ಕತ್ತರಿ ತಪ್ಪಿದ ದಿನ

ಬೆಳಗಿನ ಜಾವ, ಲಂಡನ್ನಿನ ಹೇಸ್‌ನ ಸಾಲುಮನೆಗಳಲ್ಲಿ ಇನ್ನೂ ದೀಪ ಹತ್ತಿಲ್ಲ. ಒಂದು ಮನೆಯ ಮುಂದಿನ ಕೋಣೆಯಲ್ಲಿ ಮಾತ್ರ ಹೊಲಿಗೆ ಯಂತ್ರದ ಸದ್ದು. ದೇವರಿಗೆ ದೀಪ ಹಚ್ಚಿ, ಯಂತ್ರಕ್ಕೂ ಕೈಮುಗಿದು ಕುಳಿತ ನೀಲವ್ವ ಆಗಲೇ ಒಂದು ರವಿಕೆಗೆ ತೋಳು ಕೂಡಿಸಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬಂದ ಪತಿ ಶರಣಪ್ಪ ಚಹಾ ತಂದಿಡುತ್ತಾರೆ. "ಮೊದಲ ಕುಡಿ. ಹ್ವಾದ ಸಲ ಹುಕ್ಕು ಇದರಾಗ ಬೀಳಿಸಿ ಮನೀ ತುಂಬ ಹುಡುಕಿಸಿದಿ."

ನೀಲವ್ವ ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವವರ ಮಗಳು. ಲಂಡನ್ನಿಗೆ ಬಂದ ಹೊಸದರಲ್ಲಿ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕೋಣೆ ಗುಡಿಸುತ್ತಿದ್ದರು. "ಇಂಗ್ಲಿಷ್ ಬರ್ತಿದ್ದಿಲ್ರಿ. ಬಾಯಿ ಮುಚ್ಚಿಕೊಂಡು ಹಾಸಿಗಿ ಹಾಸ್ತಿದ್ದೆ," ಎನ್ನುತ್ತಾರೆ. ಬೆನ್ನು ಸೋತಾಗ ಹಳೆಯ ಯಂತ್ರವೊಂದನ್ನು ಕೊಂಡರು. ಅಂಗಡಿಯಿಲ್ಲ, ಫಲಕವಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೇಳಿ, ಈಗ ದೂರದ ಕೊಲಿಂಡೇಲ್‌ನಿಂದಲೂ ಬಟ್ಟೆ ಬರುತ್ತದೆ. ದಿನಕ್ಕೆ ನಾಲ್ಕೈದು ರವಿಕೆ ಮುಗಿಯುತ್ತವೆ.

ಆ ಒಳ್ಳೆಯ ಹೆಸರು ಕಳೆದ ವರ್ಷ ಒಂದು ಕತ್ತರಿಯೇಟಿಗೆ ಹೋಗುವುದರಲ್ಲಿತ್ತು. ಸ್ಟ್ರಾಟ್‌ಫರ್ಡ್‌ನಲ್ಲಿರುವ ವಿಜಯಪುರದ ಗಿರಿಜಾದೇವಿ, ಬಸುರಿ ಸೊಸೆ ಬೃಂದಾಳ ಕುಬಸಕ್ಕೆ, ಅಂದರೆ ಸೀಮಂತಕ್ಕೆಂದು, ತಾವು ತಮ್ಮ ಕುಬಸದಲ್ಲಿ ಉಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ತೆಗೆದಿಟ್ಟಿದ್ದರು. ಬೆಂಗಳೂರಿನ ಹುಡುಗಿ ಬೃಂದಾ ಅದನ್ನೂ ರವಿಕೆಗೆ ಬೇರೆ ಖಣವನ್ನೂ ತಂದು ನೀಲವ್ವನಿಗೆ ಕೊಟ್ಟಳು. ಫಾಲ್ ಹಚ್ಚಿದ ಸೀರೆ ಮೊದಲು ಮನೆಗೆ ಹೋಯಿತು. ಗಿರಿಜಾದೇವಿ ಬಿಡಿಸಿ ನೋಡಿದರೆ ಒಳತುದಿಯಿಂದ ಒಂದು ತುಂಡು ಮಾಯ.

ಅವರು ಫೋನ್ ಮಾಡಿದ್ದು ನೀಲವ್ವನನ್ನು ಬೈಯಲು ಅಲ್ಲ, ಸೊಸೆಯನ್ನು ದೂರಲು. ಖಣದವರ ಮಗಳು ಯಾರೂ ಹೇಳದೆ ಇಳಕಲ್ ಸೀರೆಗೆ ಕತ್ತರಿ ಹಾಕುವವಳಲ್ಲ, ಇವಳೇ ಹಾಕಿಸಿದ್ದಾಳೆ ಎಂಬುದು ಅವರ ನಂಬಿಕೆ. ಎರಡು ದಿನದಿಂದ ಮನೆಯಲ್ಲಿ ಮಾತಿಲ್ಲ. ಬೃಂದಾ ಕುಬಸವೇ ಬೇಡವೆಂದು ಗೆಳತಿಯ ಮನೆಗೆ ಹೊರಟು ನಿಂತಿದ್ದಳು.

ಕೇಳುತ್ತಿದ್ದ ನೀಲವ್ವನಿಗೆ ಬುಟ್ಟಿಯ ತಳದಲ್ಲಿ ಮಡಿಕೆ ಬಿಚ್ಚದ ಖಣ ಕಂಡಿತು. ರವಿಕೆಗೆಂದು ಖಣದ ಬದಲು ಸೀರೆಗೇ ಕತ್ತರಿ ಹಾಕಿದ್ದು ಆಗ ಹೊಳೆಯಿತು. "ಸುಮ್ಮನಿದ್ರ ನನ್ನ ಹೆಸರು ಉಳೀತಿತ್ತು. ಆ ಹುಡುಗಿ ಗತಿ ಏನ್ರಿ?" ಎನ್ನುತ್ತಾರೆ. ಕತ್ತರಿಸಿದ ತುಂಡನ್ನೂ ಖಣವನ್ನೂ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದರು. ಗಿರಿಜಾದೇವಿಯವರ ಬಾಗಿಲಲ್ಲಿ ಕೋಟು ಸಹ ಬಿಚ್ಚಲಿಲ್ಲ.

"ಅಕ್ಕಾರ, ಬೃಂದಾ ಏನೂ ಹೇಳಿಲ್ಲ. ಈಗಿನ ಸೀರಿ ತುದೀಗೆ ರವಿಕಿ ಅರಿವಿ ಕೂಡೇ ಬರ್ತದಲ್ಲ, ಅದ ಗುಂಗಿನಾಗ ಕತ್ತರಿ ಹಾಕೀನಿ. ನಮ್ಮಪ್ಪ ಇದ್ದಿದ್ರ ಕೈ ಮ್ಯಾಲ ಹೊಡೀತಿದ್ದ. ಬೈಯೂದಿದ್ರ ನನ್ನ ಬೈರಿ."

ಗಿರಿಜಾದೇವಿ ಬೈಯಲಿಲ್ಲ. ಆ ತುಂಡನ್ನು ಕೈಗೆ ತೆಗೆದುಕೊಂಡು ಸೊಸೆಯ ಕಡೆ ತಿರುಗಿದರು. "ಕೇಳದ ನಿನ್ನ ಮ್ಯಾಲ ಹೊರಿಸಿದೆ. ತಪ್ಪಾತವ್ವಾ."

ಬೃಂದಾ ಕಣ್ಣೊರೆಸಿಕೊಂಡಳು. "ನಾನೂ ಸುಮ್ನಿರ್ಲಿಲ್ಲ ಅತ್ತೆ. ನಿಮ್ಮ ಸೀರೆ ಕಿಟಕಿ ಪರದೆ ಥರ ಇದೆ ಅಂತ ಫ್ರೆಂಡ್ ಹತ್ರ ಅಂದ್ಬಿಟ್ಟಿದ್ದೆ."

"ಪರದಿ?" ಎಂದು ಗಿರಿಜಾದೇವಿ ಹುಬ್ಬೇರಿಸಿದರು. ಮೊದಲು ನಕ್ಕವರೂ ಅವರೇ.

ರವಿಕೆಯ ಅಳತೆಗೆ ಕತ್ತರಿಸಿದ್ದರಿಂದ ಆ ತುಂಡು ಮತ್ತೆ ಕೂಡುವಂತಿರಲಿಲ್ಲ. ನೀಲವ್ವ ಸೀರೆಯ ಒಳತುದಿಗೆ ಅದೇ ಬಣ್ಣದ ಬೇರೆ ಬಟ್ಟೆ ಕೂಡಿಸಿದರು. ಅದು ನೆರಿಗೆಯೊಳಗೆ ಮುಚ್ಚಿಹೋಗುತ್ತದೆ. ಕುಬಸದ ದಿನ ಅತ್ತೆಯೇ ಸೊಸೆಗೆ ಸೀರೆ ಉಡಿಸಿದರು. ಕತ್ತರಿಸಿದ ತುಂಡು ಕೂಸಿನ ಕುಂಚಿಗೆಗೆ ಎಂದಾಯಿತು. ಹುಟ್ಟುವ ಮೊದಲು ಹೊಲಿಯಬಾರದೆಂದು ತೆಗೆದಿಟ್ಟಿದ್ದರು. ದೇವರ ದಯೆಯಿಂದ ಹೆಣ್ಣುಮಗು ಸುಖವಾಗಿ ಹುಟ್ಟಿತು. ತೊಟ್ಟಿಲ ದಿನ ತಲೆ, ಬೆನ್ನು ಮುಚ್ಚುವ ಆ ಹಸಿರು ಕುಂಚಿಗೆ ಕಂಡವರು, ನಮ್ಮ ಸೀರೆಯಲ್ಲೂ ಹೀಗೊಂದು ತಪ್ಪು ಮಾಡಿಕೊಡಿ ಎಂದು ನೀಲವ್ವನನ್ನು ಕಾಡಿದರಂತೆ.

ಇನ್ನೇನು ಆಸೆಯಿದೆ ಎಂದು ಕೇಳಿದರೆ ನೀಲವ್ವ ಹಲ್ಲಿನಿಂದ ದಾರ ಕಡಿಯುತ್ತಾರೆ.

"ಮೊನ್ನೆ ಅತ್ತಿ ಸೊಸಿ ಇಬ್ರೂ ಕೂಸಿನ ಕರಕೊಂಡು ಬಂದು ಇನ್ನೊಂದು ಹಳೇ ಇಳಕಲ್ ಸೀರಿ ಕೊಟ್ಟು ಹ್ವಾದ್ರು. ನೋಡಿ ಕತ್ತರಿ ಹಾಕು ಅಂತ ಒಬ್ರೂ ಹೇಳಲಿಲ್ರಿ."