ಒದ್ದೆ ಬಿಡದ ಜಾಗ

ಮರದ ನೆಲ ಹಾಕುವ ಪ್ಯೋ ದಾಲ್ಸುವಿಗೆ ನಮ್ಮ ಕುನ್ಸಾನ್ ಊರಿನಲ್ಲಿ ‘ಇವತ್ತಾಗಲ್ಲ’ ಎಂಬ ಅಡ್ಡಹೆಸರಿದೆ. ಯಾರ ಮನೆಗೆ ಕರೆದರೂ ಮೊದಲು ಕಿಟಕಿಗಳನ್ನು ನೋಡುತ್ತಾನೆ, ಆಮೇಲೆ ಮೊಣಕಾಲೂರಿ ಸಿಮೆಂಟಿಗೆ ತೇವ ಅಳೆಯುವ ಯಂತ್ರ ಒತ್ತುತ್ತಾನೆ. ಅದು ಕಿರ್ ಎಂದರೆ “ಇವತ್ತಾಗಲ್ಲ” ಎಂದು ಎದ್ದು ಹೊರಟುಬಿಡುತ್ತಾನೆ. ಗೋಡೆಗೆ ಕಾಗದ ಅಂಟಿಸುವ ನಾನು ಅವನ ಜೊತೆ ಎಷ್ಟೋ ಮನೆಗಳಲ್ಲಿ ದುಡಿದಿದ್ದೇನೆ. ಅವನು ನಕ್ಕದ್ದನ್ನು ಒಮ್ಮೆ ಕಂಡಿದ್ದೇನೆ, ಅದೂ ಒಣಗಿದ ನೆಲ ನೋಡಿ.

ಇಂಥವನನ್ನು ನನ್ನ ತಂಗಿ ಇನ್‌ಸುನ್ ಮೆಚ್ಚಿಕೊಂಡಳು. ಅವಳಿಗೆ ನಲವತ್ತು ದಾಟಿತ್ತು, ಅವನ ಹೆಂಡತಿ ತೀರಿಕೊಂಡಿದ್ದಳು. ನಮ್ಮಮ್ಮ ಬೇಡ ಎನ್ನಲಿಲ್ಲ, ಹ್ಞೂಂ ಎಂದೂ ಅನ್ನಲಿಲ್ಲ. ರಿಪೇರಿ ಮಾಡಿಸುತ್ತಿದ್ದ ಮನೆಯ ಹೊಸ ಸಿಮೆಂಟ್ ನೆಲ ತೋರಿಸಿ, “ಬರೋ ಗುರುವಾರ ಒಳ್ಳೇ ದಿನ, ದೆವ್ವ ಒಂದೂ ಊರಲ್ಲಿರಲ್ಲ. ಅವತ್ತೇ ನಾನು ಈ ಮನೆ ಸೇರ್ಬೇಕು. ಅಷ್ಟ್ರಲ್ಲಿ ಮರ ಹಾಕಿ ಮುಗ್ಸಿದ್ರೆ ಮದುವೆ ಮಾತು,” ಎಂದಳು. ಹೊರಗೆ ಮಳೆ ಹಿಡಿದುಕೊಂಡಿತ್ತು.

ದಾಲ್ಸು ಬಾಗಿಲ ಹತ್ತಿರ ಮೊಣಕಾಲೂರಿದ. ಕಿರ್.

“ಇವತ್ತಾಗಲ್ಲ ಅಮ್ಮಾವ್ರೇ. ಬಾಯ್ಲರ್ ಹಾಕಿ, ನೆಲದಡಿ ಕೊಳವೇಲಿ ಬಿಸಿನೀರು ಹರಿದು ನೆಲ ಒಣಗ್ಲಿ.”

“ಈ ಸೆಕೇಲಿ ಬಾಯ್ಲರಾ? ನಮ್ಮನ್ನೇನು ಬೇಯಿಸ್ಬೇಕು ಅಂತಿದೀಯೇನಪ್ಪಾ?”

ಆದರೂ ಹಾಕಿದಳು. ನಾನು ಬೆವರು ಒರೆಸಿಕೊಳ್ಳುತ್ತ ಕಾಗದ ಅಂಟಿಸಿದೆ. ಮುಂದಿನ ಸಲ ಬಂದಾಗ ಅದೇ ಜಾಗದಲ್ಲಿ ಯಂತ್ರ ಇನ್ನೂ ಜೋರಾಗಿ ಕೂಗಿತು. ಅದರ ಮುಂದಿನ ಸಲ ಇನ್ನೂ ಜೋರು.

“ಕಣ್ಮುಚ್ಕೊಂಡು ಹಾಕ್ಬಿಡಿ ಅತ್ಲಾಗೆ,” ಎಂದಳು ಇನ್‌ಸುನ್. “ಯಾರು ನೋಡ್ತಾರೆ?”

“ಮರ ಉಬ್ಬಿ ಬಾಗಿಲು ಸಿಕ್ಕಾಕೊಂಡ್ರೆ ನಿಮ್ಮಮ್ಮ ನೋಡ್ತಾರೆ. ದಿನಾ ನೋಡ್ತಾರೆ.”

“ನಿಮಗೆ ನಾನು ಬೇಕೋ, ಒಣ ನೆಲ ಬೇಕೋ?”

ದಾಲ್ಸು ಯೋಚಿಸಿದ. ಯೋಚಿಸಬಾರದಿತ್ತು. ಅವಳು ಆಮೇಲೆ ಅವನ ಫೋನ್ ಎತ್ತಲಿಲ್ಲ.

ಬುಧವಾರ ಅವನು ಇಡೀ ಕೋಣೆಯನ್ನು ಅಂಗೈಯಗಲ ಅಂಗೈಯಗಲವಾಗಿ ಅಳೆದ. ಎಲ್ಲ ಕಡೆ ಯಂತ್ರ ತೆಪ್ಪಗಿತ್ತು. ಬಾಗಿಲ ಹತ್ತಿರ ಬಂದೊಡನೆ ಕಿರುಚಿಕೊಂಡಿತು.

“ವಿಚಿತ್ರ. ನಾನು ಕೂರೋ ಜಾಗ ಮಾತ್ರ ಒದ್ದೆ.”

“ಹಾಗಾದ್ರೆ ದೋಷ ನೆಲದ್ದಲ್ಲ ಬಿಡು,” ಎಂದಳು ಅಮ್ಮ.

ಅವನು ಸಿಮೆಂಟಿನ ಮೇಲೆ ಬೆರಳುಜ್ಜಿ ನಾಲಿಗೆಗೆ ಇಟ್ಟುಕೊಂಡ. ಮುಖ ಬದಲಾಗಲಿಲ್ಲ. “ಉಪ್ಪು,” ಎಂದ.

ಬೇಡದವರು ಮನೆಯಿಂದ ಹೊರಟ ಮೇಲೆ, ಮತ್ತೆ ಬರದಿರಲೆಂದು ಅವರ ಹಿಂದೆ ಉಪ್ಪು ಎರಚುವುದು ನಮ್ಮಲ್ಲಿ ಯಾವ ಅಮ್ಮನಿಗೂ ಹೇಳಿಕೊಡಬೇಕಿಲ್ಲ. ನಮ್ಮಮ್ಮನಿಗೆ ಹೊಸ್ತಿಲಾಚೆ ಎರಚಿದ್ದು ಸಾಲಲಿಲ್ಲ. ಅವನು ಮೊಣಕಾಲೂರಿದಲ್ಲೂ ಎರಚಿ, ನಮ್ಮ ಕಣ್ಣಿಗೆ ಬೀಳದಂತೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು, ಅವನು ಬಂದುಹೋದ ಪ್ರತಿ ಸಲವೂ. ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು.

“ಉಪ್ಪು ಕುಡಿದ ಸಿಮೆಂಟು ಒಣಗಲ್ಲ ಅಮ್ಮಾವ್ರೇ. ಇಷ್ಟು ಜಾಗ ಕಿತ್ತು ಹೊಸದು ಹಾಕ್ಬೇಕು. ಇವತ್ತಾಗಲ್ಲ.”

“ನಾಳೆ ಗುರುವಾರ ಕಣಪ್ಪಾ.” ಅಮ್ಮನ ದನಿ ಇಳಿದಿತ್ತು.

“ಅನ್ನದ ಕುಕ್ಕರ್ ತಂದಿಟ್ಬಿಡಿ. ಕುಕ್ಕರ್ ಬಂತು ಅಂದ್ರೆ ಸಂಸಾರ ಬಂದ ಲೆಕ್ಕ ತಾನೆ? ದೆವ್ವಗಳಿಗೆ ಅಷ್ಟು ಸಾಕು. ಅನ್ನ ಮಾತ್ರ ಮಾಡ್ಬೇಡಿ, ಆವಿ ಏಳತ್ತೆ.”

ಗುರುವಾರ ನಮ್ಮ ಕುಕ್ಕರ್ ಗೃಹಪ್ರವೇಶ ಮಾಡಿತು. ಉಪ್ಪಿನ ವಿಷಯ ಕೇಳಿದ ಇನ್‌ಸುನ್ ಮತ್ತೆ ಅವನ ಫೋನ್ ಎತ್ತಿದಳು. ಮಳೆ ನಿಂತು, ಕಿತ್ತ ಜಾಗಕ್ಕೆ ಹಾಕಿದ ಹೊಸ ಸಿಮೆಂಟು ಒಣಗಿ, ಯಂತ್ರ ಎಲ್ಲ ಕಡೆ ಬಾಯಿ ಮುಚ್ಚಿದ ಮೇಲೆಯೇ ದಾಲ್ಸು ಮರ ಹಾಕಿದ. ಕೊನೆಯ ಹಲಗೆ ಕೂರಿಸಿ, ಸಾಮಾನು ಕಟ್ಟಿ, “ಬರ್ತೀನಿ” ಎಂದು ಶೂ ಹಾಕಿಕೊಳ್ಳಲು ಬಗ್ಗಿದ.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಉಪ್ಪಿನ ಜಾಡಿಯ ಮುಚ್ಚಳ ಸದ್ದಾಯಿತು. ಇನ್‌ಸುನ್ ನನ್ನ ತೋಳು ಹಿಡಿದುಕೊಂಡಳು. ಅಮ್ಮ ಮುಷ್ಟಿ ಬಿಗಿಹಿಡಿದು ಬಂದು, ಆ ಬಾಗಿಲ ಹತ್ತಿರದ ಜಾಗದಲ್ಲೇ ನಿಂತು, ಬರಿಗಾಲಿನಿಂದ ಹಲಗೆಯನ್ನು ಒಮ್ಮೆ ಒತ್ತಿ ನೋಡಿದಳು.

“ಎಲ್ಲಿಗೆ ಹೊರಟ್ರಿ ಅಳಿಯಂದ್ರೇ? ಸಾರಿಗೆ ಉಪ್ಪು ಹಾಕ್ಬೇಕು. ಹದ ನೋಡೋಕೆ ನಿಮ್ಮ ನಾಲಿಗೇನೇ ಆಗ್ಬೇಕು. ಊಟಕ್ಕೆ ಕೂರಕ್ಕಾಗತ್ತೋ ಇಲ್ವೋ?”

ದಾಲ್ಸು ಒಂದು ಕಾಲಿಗೆ ಹಾಕಿದ್ದ ಶೂ ಬಿಚ್ಚಿದ.

“ಇವತ್ತಾಗತ್ತೆ,” ಎಂದ.