ಶುಭ ಶುಕ್ರವಾರದ ಪಾರಣೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಮುಂಬಯಿ ಪಕ್ಕದ ಠಾಣೆ ಊರಿನ ಘೋಡಬಂದರ್ ರಸ್ತೆಯ ಮಗ್ಗುಲಿನ ಬಹುಮಹಡಿ ಕಟ್ಟಡವೊಂದರಲ್ಲಿ, ಹದಿನಾಲ್ಕನೆಯ ಅಂತಸ್ತಿನ ಒಳಕೋಣೆಯಲ್ಲಿ, ವಿಮಲಾ ಕರ್ಕಡ ಬಟ್ಟೆಯ ತುಂಡೊಂದನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ, ಹಿಂಡಿ, ಹಾಸಿಗೆ ಹಿಡಿದಿರುವ ವೇದಾವತಿಯಮ್ಮನ ಬೆನ್ನನ್ನು ಒರೆಸುತ್ತಿದ್ದಾರೆ. ಒರೆಸುವುದಕ್ಕೂ ಒಂದು ಕ್ರಮವಿದೆ. ಮೊದಲು ಮುಖ, ಆಮೇಲೆ ಕತ್ತು, ತೋಳು, ಬೆನ್ನು. ಒರೆಸಿದ ಜಾಗ ಆರುವವರೆಗೆ ಮುಂದಿನದನ್ನು ಮುಟ್ಟುವಂತಿಲ್ಲ. ಸೊಂಟದ ಬಳಿ ಎಲುಬು ಉಬ್ಬಿರುವಲ್ಲಿ ಚರ್ಮ ಕೆಂಪಾಗಿದೆ. ವಿಮಲಾ ಅಲ್ಲಿ ಬೆರಳಿಟ್ಟು ಒತ್ತಿ ನೋಡುತ್ತಾರೆ. ಒತ್ತಿದಾಗ ಬಿಳಿಚಿಕೊಂಡು, ಬಿಟ್ಟಾಗ ಮತ್ತೆ ಕೆಂಪೇರಿದರೆ ರಕ್ತ ಓಡಾಡುತ್ತಿದೆ ಎಂದರ್ಥ. ಒತ್ತಿದರೂ ಕೆಂಪು ಕದಲದಿದ್ದರೆ ಹುಣ್ಣು ಹತ್ತಿರದಲ್ಲೇ ಇದೆ. ಇಂದು ಬಿಳಿಚಿಕೊಳ್ಳುತ್ತದೆ, ಆದರೆ ನಿಧಾನವಾಗಿ.

ರಾತ್ರಿ ಪಾಳಿಯ ಆಯಾ ಬಾಗಿ ಮನೆಗೆ ಹೊರಡಲು ಚೀಲ ಕಟ್ಟುತ್ತಿದ್ದಾಳೆ. ವಿಜಯಪುರದ ಕಡೆಯವಳು, ಬಾಯಿ ಜೋರು.

“ರಾತ್ರಿ ಹಾಲು ಕುಡಿದ್ರಾ ಬಾಗಿ?”

“ಎಲ್ಲಿ ಕುಡೀತಾರ್ರೀ ಅಕ್ಕಾ! ಬಾಯಿ ಹಿಂಗ ಗಟ್ಟಿ ಮುಚ್ಚಿದ್ರು ನೋಡ್ರಿ, ಬ್ಯಾಂಕಿನ ಲಾಕರ್ ಇದ್ದಂಗ. ಚಾವಿ ನಿಮ್ಮ ಕಡೇನ ಐತಲ್ಲ.”

“ನನ್ನ ಹತ್ರ ಚಾವಿ ಎಂತ ಇಲ್ಲ ಮಾರಾಯ್ತಿ. ಇರುದು ಒಂದು ಹೊಟ್ಟೆ ಮಾತ್ರ.”

ಈ ಮಾತು ತಮಾಷೆಯಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ದಿಂಬಿಗೆ ಒರಗಿಸಿ ಕೂರಿಸಿದ ಕೂಡಲೇ ವೇದಾವತಿಯಮ್ಮ ಕಣ್ಣು ಬಿಟ್ಟು, ತುಳುವಿನಲ್ಲಿ, ಅತಿಥಿಯೊಬ್ಬರನ್ನು ಬಾಗಿಲಲ್ಲಿ ಎದುರುಗೊಂಡವರಂತೆ ಕೇಳುತ್ತಾರೆ: “ವನಸ್ ಆಂಡಾ?” ಊಟ ಆಯಿತೇ ಎಂದು.

“ಈಗ ಮಾಡ್ತೇನೆ ಅಮ್ಮ, ನೀವು ನೋಡಿ,” ಎಂದು ವಿಮಲಾ ಎದುರಿಗೆ ಸ್ಟೂಲು ಎಳೆದುಕೊಳ್ಳುತ್ತಾರೆ. ಬಟ್ಟಲಿನಲ್ಲಿ ಗಟ್ಟಿಯಾಗಿ ಕಾಯಿಸಿದ ರಾಗಿ ಅಂಬಲಿ ಇದೆ. ತೆಳ್ಳಗಿದ್ದರೆ ಗಂಟಲು ತಪ್ಪಿ ಶ್ವಾಸನಾಳಕ್ಕೆ ಇಳಿಯುತ್ತದೆ. ಎರಡು ಚಮಚಗಳಿವೆ. ಒಂದು ಚಮಚ ವಿಮಲಾರ ಬಾಯಿಗೆ. ಆಕೆ ನುಂಗುವುದನ್ನು ವೇದಾವತಿಯಮ್ಮ ಕಣ್ಣು ಮಿಟುಕಿಸದೆ ನೋಡುತ್ತಾರೆ. ಆಮೇಲೆ ಅವರ ಬಾಯಿ ತೆರೆಯುತ್ತದೆ. ಮತ್ತೆ ವಿಮಲಾಗೆ ಒಂದು, ಮತ್ತೆ ಅಮ್ಮನಿಗೆ ಒಂದು. ಬಟ್ಟಲು ಬರಿದಾಗುವ ಹೊತ್ತಿಗೆ ಹೊರಗೆ ರಸ್ತೆಯ ಸದ್ದು ಏರಿರುತ್ತದೆ.

ವೇದಾವತಿಯಮ್ಮ ಉಡುಪಿಯಿಂದ ಮದುವೆಯಾಗಿ ಬಂದವರು. ಡೊಂಬಿವಲಿ ಸ್ಟೇಷನ್ನಿನ ಬಳಿ ಪತಿ ನಡೆಸುತ್ತಿದ್ದ ಸಸ್ಯಾಹಾರಿ ಹೋಟೆಲಿನ ಹಿಂಬದಿಯ ಕೋಣೆಯೇ ಬಹುಕಾಲ ಅವರ ಮನೆಯಾಗಿತ್ತು. ಅಲ್ಲಿ ಅವರದೊಂದು ವ್ರತವಿತ್ತು: ಹೋಟೆಲಿನ ಕೊನೆಯ ಕೆಲಸಗಾರ ಉಂಡು ಕೈತೊಳೆಯುವವರೆಗೆ ತಾವು ಎಲೆಯ ಮುಂದೆ ಕೂರುತ್ತಿರಲಿಲ್ಲ. ಈಗ ಮರೆವಿನ ಕಾಯಿಲೆ ಒಂದೊಂದಾಗಿ ಎಲ್ಲವನ್ನೂ ಒಯ್ದಿದೆ. ಹೋಟೆಲು ನೋಡಿಕೊಳ್ಳುವ ಮಗ ಶೈಲೇಶ್ ಕೋಣೆಗೆ ಬಂದರೆ, ಹಾಲಿನವನೆಂದು ತಿಳಿದು, “ನಿನ್ನೆ ಹಾಲಿಗಿಂತ ನೀರೇ ಹೆಚ್ಚಿತ್ತಲ್ಲ!” ಎಂದು ಗದರುತ್ತಾರೆ. ಉಳಿದಿರುವುದು ಆ ಒಂದು ಪ್ರಶ್ನೆ. ಎದುರಿಗಿದ್ದವರು ಉಂಡದ್ದು ಕಣ್ಣಿಗೆ ಕಾಣದ ಹೊರತು ಅವರ ತುಟಿ ಬಿಚ್ಚುವುದಿಲ್ಲ.

ರೋಗಿಯ ಎದುರು ಉಣ್ಣಬಾರದೆಂಬುದು ಆಯಾಗಳನ್ನು ಕಳಿಸುವ ಬ್ಯೂರೋದ ನಿಯಮ. ವಿಮಲಾ ರಜೆಯಲ್ಲಿದ್ದಾಗ ಅವರ ಬದಲಿಗೆ ಬಂದವರು ಬಾಲ್ಕನಿಯಲ್ಲಿ ಗೋಡೆಗೆ ಮುಖ ಮಾಡಿ ಡಬ್ಬಿ ತೆರೆಯುತ್ತಿದ್ದರು. ಅವರಲ್ಲಿ ಇಬ್ಬರನ್ನು ವಿಮಲಾ ಕೂರಿಸಿ ಕಲಿಸಿದ್ದೂ ಆಯಿತು. ಅವರು ಎದುರು ಕುಳಿತು ಉಂಡರು. ಅಮ್ಮ ಮುಖ ತಿರುಗಿಸಿದರು. ಮುಖದ ಗುರುತು ಉಳಿದಿರುವುದು ವಿಮಲಾರದ್ದು ಮಾತ್ರವೆಂದು ಕಾಣುತ್ತದೆ. ತೂಕ ಇಳಿಯುತ್ತಲೇ ಇದೆ. ಬಾಯಿಯಿಂದ ಉಣ್ಣುವುದು ನಿಂತರೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಬೇಕಾಗುತ್ತದೆ ಎಂದು ವೈದ್ಯರು ಹೇಳಿ ಹೋಗಿದ್ದಾರೆ. ನಳಿಕೆಯ ರೋಗಿಯನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯ ಶೈಲೇಶರಿಗಿಲ್ಲ. ಖಾರಘರದ ಆರೈಕೆ ಕೇಂದ್ರವೊಂದನ್ನು ನೋಡಿಟ್ಟಿದ್ದಾರೆ.

“ನಳಿಕೆ ಹಾಕಿದ್ರೆ ಕೈ ಕಟ್ತಾರೆ, ಕಿತ್ತು ಬಿಸಾಡ್ಬಾರ್ದು ಅಂತ,” ಎನ್ನುತ್ತಾರೆ ವಿಮಲಾ, ಚಮಚ ತೊಳೆಯುತ್ತಾ. “ಬೇರೆ ಕಡೆ ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟು ಜನರಿಗೆ ಬಡಿಸಿದ ಕೈ ಅದು! ಅದನ್ನು ಮಂಚಕ್ಕೆ ಕಟ್ಟುದಾ?”

ವಿಮಲಾಗೆ ಐವತ್ತಾರು ವರ್ಷ. ಮೂಲ್ಕಿಯ ಕಡೆಯ ಪ್ರೊಟೆಸ್ಟೆಂಟ್ ಕ್ರೈಸ್ತ ಮನೆತನ. ಮನೆಮಾತು ತುಳು, ಆರಾಧನೆಯ ಮಾತು ಕನ್ನಡ. ಪತಿ ಶಹಾಡ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ಮರುವರ್ಷ ಅವರ ಶ್ವಾಸಕೋಶ ಕೈಕೊಟ್ಟಿತು. ಅವರಿಗೆ ಮಾಡಿದ ಆರೈಕೆಯೇ ಕಲಿಕೆಯಾಗಿ, ಅದೇ ಮುಂದೆ ವಿಮಲಾಗೆ ಕಸುಬಾಯಿತು. ಇಂದಿಗೂ ಅವರಿರುವುದು ಶಹಾಡ್‌ನ ಅದೇ ಒಂದು ಕೋಣೆಯಲ್ಲಿ. ನಸುಕಿನ ಲೋಕಲ್ ರೈಲು ಹಿಡಿದು ಠಾಣೆಗೆ, ಅಲ್ಲಿಂದ ಬಸ್ಸು. ಮರಳುವಾಗ ಹನ್ನೆರಡು ತಾಸಿನ ಪಾಳಿಯ ಸೊಂಟನೋವು ಜೊತೆಗಿರುತ್ತದೆ. ಮಗಳು ಮಾನಸಿಗೆ ನವಿ ಮುಂಬಯಿಯಲ್ಲಿ ಕೆಲಸ. ತಾಯಿಯ ಕನ್ನಡಕ್ಕೆ ಆಕೆಯ ಉತ್ತರ ಹಿಂದಿಯಲ್ಲಿ: “ಮಮ್ಮಿ, ಏಕ್ ದಿನ್ ಕೀ ಛುಟ್ಟೀ ತೋ ಲೇ ಲೋ.” ಒಂದು ದಿನದ ರಜೆಯನ್ನಾದರೂ ತೆಗೆದುಕೋ ಎಂದು.

ಆ ಒಂದು ದಿನ ಯಾವುದು ಎಂಬುದೇ ವಿಮಲಾರ ಸಂಕಟ.

ಕಲ್ಯಾಣದ ಶಾಲೆಯೊಂದರ ಸಭಾಂಗಣದಲ್ಲಿ ಭಾನುವಾರ ಸಂಜೆ ಕನ್ನಡ ಕ್ರೈಸ್ತರ ಸಭೆಯೊಂದು ಆರಾಧನೆಗೆ ಸೇರುತ್ತದೆ. ಎಂಬತ್ತು ಮನೆಗಳೂ ಇರಲಿಕ್ಕಿಲ್ಲ. ಯೇಸು ಶಿಲುಬೆಗೇರಿದ ದಿನವಾದ ಶುಭ ಶುಕ್ರವಾರ ಅಲ್ಲಿ ಎಲ್ಲರೂ ಉಪವಾಸವಿದ್ದು, ಮಧ್ಯಾಹ್ನದ ದೀರ್ಘ ಆರಾಧನೆ ಮುಗಿದ ಮೇಲೆ, ಶಾಲೆಯ ಹಿತ್ತಲಲ್ಲಿ ಬೇಯಿಸಿದ ಗಂಜಿಯನ್ನು ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಕುಚ್ಚಲಕ್ಕಿಯ ಗಂಜಿ, ಹುರುಳಿ ಚಟ್ನಿ. ಆ ಗಂಜಿಯ ಹಂಡೆಯ ಮುಂದೆ ಸೌಟು ಹಿಡಿದು ನಿಲ್ಲುವ ಕೆಲಸ ವಿಮಲಾರದ್ದು. ಕಿಟಕಿಯಿಂದ ಹಾಡು ಕೇಳಿಸುತ್ತದೆ, ಹೊಗೆಗೆ ಕಣ್ಣು ಉರಿಯುತ್ತದೆ, ಹೊಟ್ಟೆ ಹಸಿದಿರುತ್ತದೆ. ವರ್ಷದಲ್ಲಿ ತಾನು ದೇವರಿಗೆ ಅತಿ ಹತ್ತಿರ ನಿಲ್ಲುವುದು ಅಲ್ಲೇ ಎಂದು ಅವರು ನಂಬಿದ್ದರು.

ಕಳೆದ ವರ್ಷದ ಶುಭ ಶುಕ್ರವಾರ ಬದಲಿ ಆಯಾ ಕೈಕೊಟ್ಟಳು. ವಿಮಲಾ ಉಪವಾಸವನ್ನು ಒಡಲಲ್ಲಿಟ್ಟುಕೊಂಡೇ ಕೆಲಸಕ್ಕೆ ಬಂದರು. ವೇದಾವತಿಯಮ್ಮನಿಗೆ ಸಕ್ಕರೆ ಕಾಯಿಲೆ; ಆಗಿನ ರೂಢಿಯಂತೆ ಮೊದಲು ಇನ್ಸುಲಿನ್ ಚುಚ್ಚಿ, ಆಮೇಲೆ ತಿಂಡಿಯ ತಟ್ಟೆ ತಂದರು. ಅಮ್ಮ ಎಂದಿನಂತೆ ಕೇಳಿದರು. ಅಂಥ ದಿನ ಸುಳ್ಳಾಡಲು ನಾಲಿಗೆ ಏಳಲಿಲ್ಲ.

“ಇಲ್ಲ ಅಮ್ಮ, ಇವತ್ತು ಉಪವಾಸ,” ಎಂದುಬಿಟ್ಟರು.

ಉಪವಾಸವೆಂದರೆ ವೇದಾವತಿಯಮ್ಮನ ಲೆಕ್ಕದಲ್ಲಿ ಒಂದೇ: ಏಕಾದಶಿ. ಏಕಾದಶಿಯಂದು ನೀರೂ ಇಲ್ಲ. ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆ, ಉಪವಾಸ ಬಿಡುವ ಊಟ. “ನನಗೆ ಹೇಳುದಲ್ವಾ ಮಾರಾಯ್ತಿ!” ಎಂದು ತಟ್ಟೆ ಸರಿಸಿ, ಕಣ್ಣು ಮುಚ್ಚಿ, ಕೈಮುಗಿದು ಕುಳಿತರು. ಇನ್ಸುಲಿನ್ ಮೈಯೊಳಗೆ ತನ್ನ ಕೆಲಸ ನಡೆಸಿತ್ತು. ರಕ್ತದ ಸಕ್ಕರೆ ಇಳಿಯತೊಡಗಿತು. ಹಣೆ ಬೆವರಿತು, ಬೆರಳು ನಡುಗಿದವು. ಸಕ್ಕರೆ ನೀರು ತುಟಿಗೆ ಹಿಡಿದರೆ ಹಲ್ಲು ಕಚ್ಚಿದರು. ವಸಡಿಗೆ ಜೇನು ಸವರಿದರೆ ಉಗಿದರು. ಫೋನಿನಲ್ಲಿ ಶೈಲೇಶ್, “ಬಾಯಿ ತೆರೆಸಿ ಅಕ್ಕಾ, ಹೇಗಾದ್ರೂ ತೆರೆಸಿ, ನಾನು ಹೊರಟೆ,” ಎಂದು ಕೂಗುತ್ತಿದ್ದರು.

ವಿಮಲಾ ತಟ್ಟೆಯನ್ನು ತಮ್ಮ ತೊಡೆಗೆ ಎಳೆದುಕೊಂಡರು. “ಅಮ್ಮ, ಕಣ್ಣು ಬಿಡಿ. ನಿನ್ನೆಯೇ ಏಕಾದಶಿ ಕಳೆಯಿತು. ಇವತ್ತು ದ್ವಾದಶಿ. ಪಾರಣೆ ಮಾಡುವಾ, ಬನ್ನಿ.” ಇಡ್ಲಿ ಮುರಿದು ತಮ್ಮ ಬಾಯಿಗೆ ಹಾಕಿಕೊಂಡರು, ಅಗಿಯುವ ಸದ್ದು ಕೇಳಿಸುವಂತೆ ಅಗಿದರು. ಇನ್ನೊಂದು ತುತ್ತು. ಮೂರನೆಯದಕ್ಕೆ ಅಮ್ಮ ಕಣ್ಣು ಬಿಟ್ಟರು, ನೋಡಿದರು, ಸಕ್ಕರೆ ನೀರಿನ ಲೋಟಕ್ಕೆ ತುಟಿ ಕೊಟ್ಟರು.

ಜೀವ ಉಳಿಯಿತು. ಶೈಲೇಶ್ ಬಂದು ಆಸ್ಪತ್ರೆಗೆ ಸೇರಿಸಿದರು. ಆದರೆ ಅಲ್ಲಿಂದ ಮರಳಿದ ಮೇಲೆ ವೇದಾವತಿಯಮ್ಮ ವಾಕರ್ ಹಿಡಿದು ಬಾಲ್ಕನಿಯವರೆಗೂ ಹೋಗಿಲ್ಲ. ಅಂದಿನಿಂದ ಊಟವಾದ ಬಳಿಕವೇ ಇನ್ಸುಲಿನ್. ಅಂದಿನಿಂದ ವಿಮಲಾಗೆ ಭಾನುವಾರದ ರಜೆಯೂ ಇಲ್ಲ, ಯಾವ ಉಪವಾಸವೂ ಇಲ್ಲ.

“ಆ ದಿನ ಎರಡು ತಪ್ಪು ಮಾಡಿದೆ,” ಎನ್ನುತ್ತಾರೆ ಅವರು. “ಉಪವಾಸ ಮುರಿದೆ, ಸುಳ್ಳು ಹೇಳಿದೆ. ಎರಡಕ್ಕೂ ಮೊಣಕಾಲೂರಿ ಕ್ಷಮೆ ಕೇಳಿದ್ದೇನೆ. ಆದ್ರೆ ಪುನಃ ಅಂಥದ್ದೇ ದಿನ ಬಂದ್ರೆ ಪುನಃ ಎರಡನ್ನೂ ಮಾಡ್ತೇನೆ. ಹಾಗಾದ್ರೆ ಅದು ಎಂಥ ಪಶ್ಚಾತ್ತಾಪ, ಹೇಳಿ?”

ಈ ವರ್ಷ, ಶುಭ ಶುಕ್ರವಾರಕ್ಕೆ ಒಂದು ವಾರವಿರುವಾಗ, ಸಭೆಯ ಸ್ತ್ರೀಯರ ಕೂಟದ ಹಿರಿಯರಾದ ನಳಿನಾಕ್ಷಿ ಬಸ್ಸಿಳಿದು ಏದುಸಿರು ಬಿಡುತ್ತಾ ಆ ಮನೆಗೇ ಬರುತ್ತಾರೆ. ಅಂದೂ ಶುಕ್ರವಾರ; ಈಸ್ಟರ್‌ಗೆ ಮುಂಚಿನ ನಲವತ್ತು ದಿನಗಳ ವ್ರತಕಾಲದಲ್ಲಿ ಪ್ರತಿ ಶುಕ್ರವಾರ ಅವರು ಸಂಜೆಯವರೆಗೆ ಏನನ್ನೂ ಮುಟ್ಟುವವರಲ್ಲ. ಕೂತವರೇ ಬಂದ ವಿಷಯಕ್ಕೆ ಇಳಿಯುತ್ತಾರೆ.

“ಒಂದು ವರ್ಷ ಆಯ್ತು ವಿಮಲಾ, ಸಭೆಯಲ್ಲಿ ನಿನ್ನ ಮುಖ ಕಾಣದೆ. ಪಾದ್ರಿ ಅಯ್ಯನವರು ಕೇಳಿದ್ರೆ ನಾನು ಎಂತ ಹೇಳುದು? ದೇವರಿಗೆ ಒಂದು ದಿನ ಕೊಡ್ಲಿಕ್ಕೆ ಆಗುದಿಲ್ವಾ? ದೇವರಿಗಿಂತ ಪೇಷಂಟ್ ದೊಡ್ಡದಾ ನಿಂಗೆ?”

“ದೊಡ್ಡದು ಅಂತಲ್ಲ ನಳಿನಾಕ್ಷಿಯಕ್ಕ. ದೇವರ ಬಾಯಿ ಒರೆಸ್ಲಿಕ್ಕೆ ನಾನೇ ಬೇಕು ಅಂತ ಇಲ್ಲ.”

“ಮಾತಿಗೇನೂ ಕಮ್ಮಿ ಇಲ್ಲ ನಿಂದು.”

ಮಧ್ಯಾಹ್ನದ ಊಟದ ಹೊತ್ತು. ಮೆತ್ತಗೆ ಕಿವುಚಿದ ಅನ್ನ ಸಾರು ಬರುತ್ತದೆ. ವಿಮಲಾಗೆ ಒಂದು ಚಮಚ, ಅಮ್ಮನಿಗೆ ಒಂದು. ಎರಡನೆಯ ಸುತ್ತಿಗೆ ವೇದಾವತಿಯಮ್ಮನ ದೃಷ್ಟಿ ಕುರ್ಚಿಯಲ್ಲಿರುವ ಹೊಸಬರತ್ತ ಹೊರಳುತ್ತದೆ.

“ವನಸ್ ಆಂಡಾ?”

ನಳಿನಾಕ್ಷಿ ತುಳು ಬಲ್ಲವರು. “ಇಲ್ಲಮ್ಮ, ಇವತ್ತು ನನ್ನ…” ಎಂದು ಬಾಯಿ ತೆರೆದು, ವಿಮಲಾರ ಮುಖ ನೋಡಿ ಅಲ್ಲಿಗೇ ನಿಲ್ಲಿಸುತ್ತಾರೆ. ಅಮ್ಮನ ತುಟಿಗಳು ಆಗಲೇ ಬಿಗಿದಿವೆ. ವಿಮಲಾ ತಾವೇ ಒಂದು ತುತ್ತು ಉಂಡು ತೋರಿಸುತ್ತಾರೆ, ಪ್ರಯೋಜನವಿಲ್ಲ. ಮನೆಗೆ ಬಂದವರು ಹಸಿದಿರುವಾಗ ಆ ಬಾಯಿ ತೆರೆಯುವುದಿಲ್ಲ. ಅನ್ನ ಆರುತ್ತಿದೆ.

ನಳಿನಾಕ್ಷಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. ಬಾಗಿಲ ಕಡೆ ಒಮ್ಮೆ ನೋಡುತ್ತಾರೆ.

“ತಾ ಇಲ್ಲಿ ಆ ಬಟ್ಟಲು,” ಎನ್ನುತ್ತಾರೆ ಕೊನೆಗೆ, ಜಗಳಕ್ಕೆ ನಿಂತವರಂತೆ. ಒಂದು ಚಮಚ ಉಣ್ಣುತ್ತಾರೆ. ಅಮ್ಮ ನೋಡುತ್ತಾರೆ. ಇನ್ನೊಂದು ಚಮಚ. “ಸಾಕಾ ಅಮ್ಮ? ಆಂಡ್, ವನಸ್ ಆಂಡ್.” ಆಗ ವೇದಾವತಿಯಮ್ಮನ ಬಾಯಿ ತೆರೆಯುತ್ತದೆ.

ಬಟ್ಟಲು ಬರಿದಾಗುತ್ತದೆ. ಲಿಫ್ಟಿನ ಬಳಿ ಚಪ್ಪಲಿ ಸರಿಪಡಿಸಿಕೊಳ್ಳುತ್ತಾ ನಳಿನಾಕ್ಷಿ ಇಷ್ಟೇ ಹೇಳುತ್ತಾರೆ: “ಹೋದ ವರ್ಷ ಗಂಜಿಗೆ ಉಪ್ಪು ಹೆಚ್ಚಾಗಿತ್ತು. ಈ ವರ್ಷವೂ ಹೆಚ್ಚಾದ್ರೆ ತಪ್ಪು ನಿಂದೇ, ನೋಡು.”

ಒಬ್ಬರು ಮೆತ್ತಗಾದ ಮಾತ್ರಕ್ಕೆ ವಿಮಲಾರ ಕೊರಗು ನೀಗಿಲ್ಲ. ರೋಗಿಯ ಸೇವೆಯೇ ಆರಾಧನೆಯಲ್ಲವೇ ಎಂದು ಶೈಲೇಶ್ ಸಮಾಧಾನ ಹೇಳಿದಾಗ ಅವರು ತಲೆಯಾಡಿಸುವುದಿಲ್ಲ. “ಇದು ಅದಕ್ಕೆ ಬದಲಿ ಅಂತ ನಾನು ಹೇಳುದಿಲ್ಲ. ಬದಲಿ ಆಗಿದ್ರೆ ಭಾನುವಾರ ಸಂಜೆ ನಂಗೆ ಅಳು ಯಾಕೆ ಬರ್ತದೆ? ಎಲ್ಲರೊಟ್ಟಿಗೆ ನಿಂತು ಹಾಡುದು ಬೇರೆಯೇ. ಅದು ನಂಗೆ ಬೇಕು. ಸಿಗುದಿಲ್ಲ. ಸಿಗದ್ದನ್ನು ದೇವರ ಮುಂದೆ ಇಡ್ತೇನೆ, ಅಷ್ಟೇ. ಬೇರೆ ಕಾಣಿಕೆ ನನ್ನ ಹತ್ರ ಇಲ್ಲ.”

ಶುಭ ಶುಕ್ರವಾರ ಮಧ್ಯಾಹ್ನ. ಕಲ್ಯಾಣದಲ್ಲಿ ಈಗ ಎಲ್ಲರೂ ಮೊಣಕಾಲೂರಿರುತ್ತಾರೆ; ಹಿತ್ತಲಲ್ಲಿ ಹಂಡೆ ಕುದಿಯುತ್ತಿರುತ್ತದೆ. ಇಲ್ಲಿ ಹದಿನಾಲ್ಕನೆಯ ಅಂತಸ್ತಿನಲ್ಲಿ ವಿಮಲಾ ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಕುಳಿತಿದ್ದಾರೆ. ತಾವು ಒಂದು ಚಮಚ ಉಂಡಿದ್ದಾರೆ. ಬಾಯಿಗೆ ರುಚಿ ಹತ್ತುತ್ತಿಲ್ಲ. ಅಮ್ಮನೂ ಒಂದು ಉಂಡಿದ್ದಾರೆ. ಎರಡನೆಯದು ಅವರ ಕೆನ್ನೆಯೊಳಗೇ ನಿಂತಿದೆ. ನುಂಗುವುದನ್ನು ಗಂಟಲು ಮರೆಯತೊಡಗಿದೆ. ವಿಮಲಾ ಅವರ ಗದ್ದವನ್ನು ಎದೆಯತ್ತ ಮೆಲ್ಲನೆ ಬಾಗಿಸಿ, ಗಂಟಲ ಪಕ್ಕದಲ್ಲಿ ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರುತ್ತಾರೆ, ಕಾಯುತ್ತಾರೆ, ಮತ್ತೆ ಸವರುತ್ತಾರೆ. ಬಹಳ ಹೊತ್ತಿನ ಮೇಲೆ ಗಂಟಲು ಅಲುಗುತ್ತದೆ.

ಮೂರನೆಯ ಚಮಚಕ್ಕೆ ಬಾಯಿ ತೆರೆಯುವುದಿಲ್ಲ. ಇಂದು ಅಮ್ಮ “ವನಸ್ ಆಂಡಾ” ಎಂದು ಕೇಳಲೂ ಇಲ್ಲ. ವಿಮಲಾ ಬಟ್ಟಲು ಮುಚ್ಚಿಟ್ಟು, ಬಾಯಿ ಒರೆಸಿ, ಬೆನ್ನಿಗೆ ದಿಂಬು ಸರಿಮಾಡುತ್ತಾರೆ. ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸಬೇಕು.

ನಿಮಗೇನು ಆಸೆ ಎಂದು ಕೇಳಿದರೆ ವಿಮಲಾ ಕಿಟಕಿಯ ಹೊರಗೆ ನೋಡುತ್ತಾರೆ.

“ಇನ್ನೊಮ್ಮೆ ಆ ಗಂಜಿ ಹಂಡೆಯ ಎದುರು ನಿಲ್ಬೇಕು ಅಂತ ಉಂಟು, ಹಸಿದ ಹೊಟ್ಟೆಯಲ್ಲಿ. ಆದ್ರೆ ಅದನ್ನು ಬೇಡ್ಲಿಕ್ಕೆ ನಂಗೆ ಹೆದರಿಕೆ. ನಾನು ಅಲ್ಲಿ ನಿಂತಿದ್ದೇನೆ ಅಂದ್ರೆ ಅಮ್ಮ ಇಲ್ಲಿ ಇಲ್ಲ ಅಂತ ಅರ್ಥ ಅಲ್ವಾ? ಹಾಗಾಗಿ ಅದನ್ನು ಕೇಳುದಿಲ್ಲ.” ಮುಚ್ಚಿಟ್ಟ ಬಟ್ಟಲನ್ನು ಮುಟ್ಟಿ, ಬಿಸಿ ಇನ್ನೂ ಉಳಿದಿದೆಯೇ ಎಂದು ನೋಡುತ್ತಾರೆ. “ನಾಳೆಯೂ ಅಮ್ಮನಿಗೆ ಹಸಿವಾಗ್ಲಿ. ಅಷ್ಟು ಮಾತ್ರ ಕೇಳ್ತೇನೆ.”