ಅತ್ತೆಯ ಬದಲಿಗೆ ನಾನು ಮಲಗಿದ ವ್ಯಾನು

ನಮ್ಮ ಸೋದರಮಾವ ವಿಮೆ ಸರ್ವೇಯರ್. ಅಹಮದಾಬಾದಿನಿಂದ ಸೂರತ್ತಿನವರೆಗೆ ಹೆದ್ದಾರಿಯಲ್ಲಿ ಎಲ್ಲಿ ಲಾರಿ ಉರುಳಲಿ, ಎಲ್ಲಿ ಕಾರು ಜಜ್ಜಿಹೋಗಲಿ, ಮಾಮಾ ಹೋಗಿ ಮೊಣಕಾಲೂರಿ ನೋಡಿ, ಉಗುರಿನಿಂದ ತುಕ್ಕು ಕೆರೆದು, ಇದು ಈ ಅಪಘಾತದ್ದಲ್ಲ, ಹಳೇ ಡ್ಯಾಮೇಜು ಎಂದು ಬರೆಯುತ್ತಿದ್ದ. ಅವನು ಬರೆದನೆಂದರೆ ಮುಗಿಯಿತು. ದಾರಿಯುದ್ದಕ್ಕೂ ಗ್ಯಾರೇಜಿನವರು ಅವನು ಬಂದರೆ ಎದ್ದು ನಿಲ್ಲುತ್ತಿದ್ದರು, ಹೋದಮೇಲೆ ಉಗುಳುತ್ತಿದ್ದರು. ಎರಡನ್ನೂ ನಾನು ನೋಡಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ವಡೋದರಾದಲ್ಲಿ. ಕನ್ನಡ ಕಲಿತದ್ದು ಅಜ್ಜಿಯಿಂದ ಮತ್ತು ಮಾಮಾನ ಹೆಂಡತಿ, ಅಂದರೆ ನಮ್ಮ ಅತ್ತೆಯಿಂದ. ನನ್ನ ಓರಗೆಯವರೆಲ್ಲ ಗುಜರಾತಿಯಲ್ಲಿ ಜಗಳವಾಡುತ್ತಿದ್ದರೆ ನನ್ನ ಬಾಯಿಗೆ ಬೈಗುಳವೂ ಬಾಗಲಕೋಟೆ ಕಡೆಯದೇ ಬರುತ್ತಿತ್ತು. ಅದು ಅತ್ತೆಯ ಕೊಡುಗೆ. ಹತ್ತೊಂಬತ್ತನೇ ವಯಸ್ಸಿಗೆ ಕಾಲೇಜಿಗೆಂದು ಅಹಮದಾಬಾದಿನ ನವರಂಗಪುರದಲ್ಲಿದ್ದ ಮಾಮಾನ ಮನೆ ಸೇರಿದೆ. ಕಾಲೇಜು ಒಂದು ನೆಪ. ಅವರಿಗೆ ಮಕ್ಕಳಿಲ್ಲ, ಅತ್ತೆಯನ್ನು ನೋಡಿಕೊಳ್ಳುವ ಒಂದು ಜೀವ ಬೇಕಾಗಿತ್ತು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಎರಡು ವರ್ಷವಾಗಿತ್ತು. ಬೆನ್ನುಮೂಳೆ ಕೆಳಗೆ ಎಲ್ಲೋ ಸರಿದಿತ್ತು. ಕೂರಲಾರಳು. ಮಲಗಿರಬೇಕು, ಇಲ್ಲವೇ ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಬೇಕು. ಹತ್ತು ಹೆಜ್ಜೆಗೆ ಬಚ್ಚಲು ಸಿಗುತ್ತಿತ್ತು, ಅವಳ ಮರ್ಯಾದೆಯೆಲ್ಲ ಆ ಹತ್ತು ಹೆಜ್ಜೆಯಲ್ಲೇ ಇತ್ತು. ಜೋರಾಗಿ ಕುಲುಕಿದರೆ ಅದೂ ಹೋದೀತು ಎಂದು ಡಾಕ್ಟರು ಹೇಳಿದ್ದರು. ಮಾಮಾ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ನೋಡಲು ಬಂದವರ ಎದುರಿಗೇ, "ಇದು ಬಚ್ಚಲದಾಗ ಆಗಿದ್ದಲ್ಲ. ಮದವೀಕಿಂತ ಮೊದಲಿಂದು. ಇವರಪ್ಪ ಮುಚ್ಚಿಟ್ಟು ಕೊಟ್ಟಾನ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತೆ ಗೋಡೆಯ ಕಡೆ ಹೊರಳಲಾರಳು, ಚಾವಣಿ ನೋಡುತ್ತಿದ್ದಳು.

ಅತ್ತೆಗೆ ಇದ್ದದ್ದು ಒಂದೇ ಆಸೆ. ಬಾಗಲಕೋಟೆಯಲ್ಲಿರುವ ತಂಗಿಯನ್ನು ನೋಡಬೇಕು. ಆ ತಂಗಿಗೂ ಲಕ್ವ ಹೊಡೆದಿತ್ತು. "ಇಬ್ಬರೂ ಹಾಸಿಗಿ ಹಿಡದೀವಿ. ಯಾರರೆ ಒಬ್ಬಾಕಿ ಎದ್ದು ಹೋಗಬೇಕಲ್ಲ" ಎನ್ನುತ್ತಿದ್ದಳು. ರೈಲು ಎಂದರೆ ಎರಡು ಕಡೆ ಬದಲಿಸಬೇಕು, ಮೆಟ್ಟಿಲು ಹತ್ತಿಳಿಸಬೇಕು. ಆಗದ ಮಾತು.

ಮಾಮಾ ಕೆಟ್ಟವನಲ್ಲ. ಒಂದು ದಿನ ಹೊಚ್ಚ ಹೊಸ ವ್ಯಾನು ತಂದು ಕಟ್ಟಡದ ಕೆಳಗೆ ನಿಲ್ಲಿಸಿದ. ಹಿಂದಿನ ಸೀಟುಗಳನ್ನು ಕಿತ್ತುಹಾಕಿಸಿ ಉದ್ದನೆಯ ಹಾಸಿಗೆ ಕೂರಿಸಿದ್ದ. "ಮಲಗಿಕೊಂಡs ತಂಗೀ ಮನೀ ಬಾಗಿಲಿಗೆ ಇಳೀತಿ" ಎಂದ. ಅತ್ತೆ ಅವತ್ತು ಎರಡು ಚಪಾತಿ ಹೆಚ್ಚು ತಿಂದಳು.

ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ಆದರೆ ದಾರಿಯಲ್ಲಿ ಸಿಗುವ ಭರೂಚಿನ ನರ್ಮದಾ ಸೇತುವೆಯ ಮೇಲೆ ಗಾಡಿಗಳು ಮೂರು ನಾಲ್ಕು ತಾಸು ನಿಂತುಬಿಡುವ ಕಾಲ ಅದು. ಏಪ್ರಿಲ್ ಬಿಸಿಲಲ್ಲಿ ಎಂಜಿನ್ ಬಂದ್ ಮಾಡಿದರೆ ಒಳಗೆ ಮಲಗಿದವರು ಬೆಂದುಹೋಗುತ್ತಾರೆ. ಕೂಲರ್ ಬೇಕು ಎಂದ ಮಾಮಾ. ಕೂಲರಿಗೆ ಬ್ಯಾಟರಿ ಬೇಕು. ಬ್ಯಾಟರಿ ತುಂಬಲು ವಡೋದರಾದ ಒಂದು ಅಂಗಡಿಯಿಂದ ಸೋಲಾರ್ ಫಲಕಗಳು ಬಂದವು. ಆಗ ಅವು ನೀರು ಕಾಯಿಸುವುದಕ್ಕಷ್ಟೇ ಎಂದು ತಿಳಿದಿದ್ದ ನೆರೆಯವರು ಗಾಡಿಯ ನೆತ್ತಿಯ ಮೇಲೆ ಎರಡು ನೀಲಿ ಹಲಗೆ ನೋಡಿ, "ಸಾಹೇಬ್, ಸ್ನಾನ ಗಾಡಿಯಲ್ಲೇ ಏನು?" ಎಂದು ಕೇಳಿದರು. ಮೊದಲು ಎರಡು ಬ್ಯಾಟರಿ ಹಾಕಿಸಿದ. ಲೆಕ್ಕ ಹಾಕಿ ನೋಡಿದರೆ ಎರಡು ತಾಸಿಗೆ ಮುಗಿಯುತ್ತದೆ. ಮತ್ತೆರಡು ಬಂದವು. ಲಾರಿಗೆ ಹಾಕುವಂಥವು, ಒಂದೊಂದನ್ನೂ ಇಬ್ಬರು ಗಂಡಸರು ಉಸಿರು ಬಿಗಿಹಿಡಿದು ಎತ್ತಬೇಕು. ನಾಲ್ಕನ್ನೂ ಅತ್ತೆಯ ಹಾಸಿಗೆಯ ಕೆಳಗೆ ಜೋಡಿಸಿದರು. ವ್ಯಾನಿನ ಹಿಂಭಾಗ ಕುಸಿದು ಮೂತಿ ಮೇಲಕ್ಕೆದ್ದಿತು. ಕೆಳಗಿನ ಮನೆಯ ಅಜ್ಜ, "ಊಡವಾನೀ ಛೇ ಕೇ?" ಎಂದು ಕೇಳಿದ. ಹಾರಿಸುತ್ತೀಯೇನಪ್ಪಾ ಎಂದು. ಮಾಮಾನಿಗೆ ಅವಮಾನವಾಯಿತು.

ಕುಸಿದದ್ದನ್ನು ಎತ್ತಲು ಅವನು ಸೂರತ್ತಿಗೆ ಹೊರಟ. ಅಲ್ಲಿನ ಪಾಂಡೇಸರಾದಲ್ಲಿ ಬಣ್ಣದ ಗಿರಣಿಗಳ ಬಟ್ಟೆಮೂಟೆ ಹೊರುವ ಲಾರಿಗಳಿಗೆ ಪಾಟಾ ಸೇರಿಸುವ ಒಬ್ಬ ಮಿಸ್ತ್ರಿ ಇದ್ದ. ಪಾಟಾ ಎಂದರೆ ಗಾಲಿಯ ಮೇಲೆ ಒಂದರ ಮೇಲೊಂದು ಕೂರಿಸುವ ಬಾಗಿದ ಉಕ್ಕಿನ ಪಟ್ಟಿ. ಪಟ್ಟಿ ಹೆಚ್ಚಿದಷ್ಟೂ ಗಾಡಿ ಹೆಚ್ಚು ಭಾರ ಹೊರುತ್ತದೆ, ಹಾಗೆಯೇ ಗಡುಸಾಗಿ ಹೆಚ್ಚು ಕುಲುಕುತ್ತದೆ. ನನ್ನನ್ನೂ ಕರೆದುಕೊಂಡು ಹೋಗಿದ್ದ. ಕಾರಣ ಆಮೇಲೆ ಗೊತ್ತಾಯಿತು.

"ಎಷ್ಟು ಹಾಕಲಿ ಸಾಹೇಬ್?" ಎಂದು ಮಿಸ್ತ್ರಿ ಹಿಂದಿಯಲ್ಲಿ ಕೇಳಿದ.

"ನೆಟ್ಟಗೆ ನಿಲ್ಲೋವಷ್ಟು."

"ಎರಡು ಸಾಕು. ಮೂರು ಹಾಕಿದರೆ..."

"ನನಗೆ ಕಲಿಸ್ತೀಯಾ?"

ಮಿಸ್ತ್ರಿ ಮೂರು ಹಾಕಿದ. ಮಾಮಾ ಬೀಡಾ ತರಲು ಹೋದಾಗ ಅವನು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, "ಬೇನ್, ಆ ಮಾಲ ಮಾಟೇ ಛೇ, ಮಾಣಸ ಮಾಟೇ ನಥೀ" ಎಂದ. ಇದು ಸಾಮಾನು ಸಾಗಿಸಲಿಕ್ಕೆ ತಂಗೀ, ಮನುಷ್ಯರಿಗಲ್ಲ. ಅವರಿಗೆ ಹೇಳಬಾರದೇ ಎಂದೆ. ಅವನು ನಕ್ಕ. "ಇಪ್ಪತ್ತು ವರ್ಷ ನಾನು ಹೇಳಿದ್ದರಲ್ಲಿ ಅವರು ಯಾವುದನ್ನು ನಂಬಿದ್ದಾರೆ? ನೀನು ಮನೆಯವಳು, ನೀನೇ ಹೇಳು."

ತಿರುಗಿ ಹೊರಡುವಾಗ ಮಾಮಾ ಹಿಂದಿನ ಬಾಗಿಲು ತೆರೆದ. "ಮಲಕೋ. ನೀನೂ ನಿಮ್ಮತ್ತೀನೂ ಒಂದs ತೂಕ. ಅಹಮದಾಬಾದ್ ತನಕ ಏಳಬ್ಯಾಡ. ಎಲ್ಲಿ ಏನಾತು ಅಂತ ಬರಕೋ." ಅಪಘಾತದ ಗಾಡಿಗಳ ವಿವರ ಬರೆಯುವ ತನ್ನ ಉದ್ದನೆಯ ವಹಿಯನ್ನೇ ನನ್ನ ಕೈಗೆ ಕೊಟ್ಟ.

ನಾನು ಮಲಗಿದೆ. ಅಂಕಲೇಶ್ವರ ದಾಟುವುದರೊಳಗೆ ನನ್ನ ಹಲ್ಲು ಹಲ್ಲಿಗೆ ಬಡಿದು ನಾಲಿಗೆ ಕಚ್ಚಿಕೊಂಡಿದ್ದೆ. ಸೇತುವೆಯ ಮೇಲೆ ಜೋಡಣೆಯ ಪ್ರತಿ ಸಂದಿಗೂ ಸೊಂಟ ಹಾಸಿಗೆ ಬಿಟ್ಟು ಎದ್ದು ಬೀಳುತ್ತಿತ್ತು. ಬರೆಯಲು ಪೆನ್ನು ಊರಿದರೆ ಅಕ್ಷರದ ಬದಲು ಗೀರು ಬೀಳುತ್ತಿತ್ತು. ನೆಟ್ಟಗಿದ್ದ, ಇಪ್ಪತ್ತು ತುಂಬದ ಬೆನ್ನು ನನ್ನದು. ಮೇಲೆ ಕೂಲರ್ ಮಾತ್ರ ತಣ್ಣಗೆ, ಸದ್ದಿಲ್ಲದೆ ಬೀಸುತ್ತಿತ್ತು.

ವಡೋದರಾದ ಹೊರಗೆ ಚಹಾಕ್ಕೆಂದು ನಿಲ್ಲಿಸಿ ಕೇಳಿದ, "ಹೆಂಗದ?"

"ಛಲೋ ಅದ ಮಾಮಾ."

ಹೆದರಿ ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆಯೂ ಇತ್ತು. ಆದರೆ ನಿಜವಾದದ್ದು ಬೇರೆ. ಅತ್ತೆ ತಂಗಿಯ ಮನೆಗೆ ಹೋದರೆ ಎರಡು ತಿಂಗಳು ಅಲ್ಲೇ ಇರುತ್ತಾಳೆ. ಎರಡು ತಿಂಗಳು ನಾನು ಬೆಳಿಗ್ಗೆ ಎದ್ದು ಅವಳ ಮೈ ಒರೆಸಬೇಕಿಲ್ಲ, ಬೆನ್ನಿಗೆ ಎಣ್ಣೆ ತಿಕ್ಕಬೇಕಿಲ್ಲ, ಗೆಳತಿಯರು ಸಿನಿಮಾಕ್ಕೆ ಹೊರಟಾಗ ಗಡಿಯಾರ ನೋಡಬೇಕಿಲ್ಲ. ವಹಿಯಲ್ಲಿ ಒಂದೇ ಸಾಲು ಬರೆದೆ: ಪ್ರಯಾಣ ಸುಖಕರ, ಯಾವ ತೊಂದರೆಯೂ ಇಲ್ಲ. ಮಾಮಾ ಅದನ್ನೋದಿ ಸಹಿ ಮಾಡು ಎಂದ. ಮಾಡಿದೆ.

ಮನೆಗೆ ಬಂದಾಗ ಅತ್ತೆ ನನ್ನ ಕೈ ಹಿಡಿದು ಗುಟ್ಟಾಗಿ ಕೇಳಿದಳು. "ಅವರು ಏನರೆ ಹೇಳಲಿ. ನೀ ಖರೇ ಹೇಳು. ತಡಕೋತೀನೇನು ನಾ?"

"ಆರಾಮ ಹೋಗ್ತೀ ಅತ್ತೀ."

"ನೀ ಅಂದ್ರ ಮುಗೀತು ಬಿಡು."

ಹೊರಟ ದಿನ ಕಟ್ಟಡದ ನಾಲ್ವರು ಗಂಡಸರು ಅತ್ತೆಯನ್ನು ಹಲಗೆಯ ಮೇಲೆ ಮಲಗಿಸಿ ಮೂರು ಮಹಡಿ ಇಳಿಸಿದರು. ಎದುರು ಮನೆಯ ಗುಜರಾತಿ ಹೆಂಗಸು ಕುಂಕುಮ ಹಚ್ಚಿ, ಪ್ರಯಾಣಕ್ಕೆ ಶುಭವಾಗಲೆಂದು ಬಾಯಿಗೆ ಮೊಸರು ಸಕ್ಕರೆ ಹಾಕಿದಳು. ಅತ್ತೆ ಇಳಕಲ್ ಸೀರೆ ಉಟ್ಟಿದ್ದಳು. ಎರಡು ವರ್ಷದ ಮೇಲೆ ಆಕಾಶ ನೋಡಿ, "ಏನ ಬಿಸಲವಾ" ಎಂದು ಹೊಗಳುವವಳಂತೆ ಹೇಳಿದಳು. ನಾನು ಸೂರತ್ತಿನವರೆಗೆ ಜೊತೆಗೆ ಹೋಗಿ ಅಲ್ಲಿಂದ ರೈಲಿನಲ್ಲಿ ಹಿಂತಿರುಗುವುದು, ಮುಂದಕ್ಕೆ ಅಲ್ಲಿ ಹತ್ತುವ ಒಬ್ಬ ಆಯಾ ನೋಡಿಕೊಳ್ಳುವುದು ಎಂದು ಗೊತ್ತಾಗಿತ್ತು.

ನಡಿಯಾದಿನವರೆಗೆ ಅತ್ತೆ ಮಾತಾಡುತ್ತಿದ್ದಳು. ಆಮೇಲೆ ತುಟಿ ಕಚ್ಚಿದಳು. ವಡೋದರಾ ದಾಟಿದ ಮೇಲೆ ರಸ್ತೆಯಲ್ಲಿ ಒಂದು ತಗ್ಗು ಬಂತು. ಅತ್ತೆ ಕೂಗಿದ ರೀತಿಗೆ ನನ್ನ ಕೈಯಲ್ಲಿದ್ದ ನೀರಿನ ಲೋಟ ಬಿತ್ತು.

"ನಿಲ್ಲಸ್ರೀ. ನಿಮ್ಮ ಕಾಲ ಬೀಳ್ತೀನಿ. ತಿರಗಸ್ರೀ ಗಾಡಿ."

ಮಾಮಾ ಬದಿಗೆ ನಿಲ್ಲಿಸಿ ಹಿಂದಕ್ಕೆ ಬಂದ. ಸಿಟ್ಟಾಗಿರಲಿಲ್ಲ. ಕೆಲಸದ ಮುಖ ಅದು. "ಎಲ್ಲಿ ನೋಸತದ?" ಎಂದು ಕೇಳಿ, ತೋರಿಸಿದಲ್ಲಿ ಎರಡು ಬೆರಳಿನಿಂದ ಒತ್ತಿದ. ಅತ್ತೆ ಕಿರುಚಿದಳು.

"ಇದು ದಿನಾ ನೋಯೂದs. ಗಾಡೀಗೆ ಯಾಕ ಹಾಕ್ತಿ?"

"ಹಿಂಗಲ್ಲರಿ ದಿನಾ. ಇದು ಬ್ಯಾರೆ."

ಮಾಮಾ ವಹಿ ತೆಗೆದ. ಪುಟ ಹುಡುಕಿ ನನ್ನ ಸಾಲನ್ನು ಓದಿದ, ಕೆಳಗಿನ ಸಹಿಯನ್ನೂ ಓದಿದ. "ಇದs ರಸ್ತಾ, ಇದs ಹಾಸಿಗಿ, ನಿನ್ನಷ್ಟs ತೂಕದಾಕಿ. ಏನೂ ಆಗಿಲ್ಲ ಆಕಿಗೆ."

ಅತ್ತೆ ನನ್ನ ಕಡೆ ನೋಡಿದಳು. "ನೀ ಬರದೀ ಏನವಾ?"

"ಹೂಂ."

"ಖರೇ ಏನೂ ಆಗಲಿಲ್ಲ ನಿನಗ?"

ಮಾಮಾ ನನ್ನನ್ನೇ ನೋಡುತ್ತಿದ್ದ. "ಇಲ್ಲ ಅತ್ತೀ" ಎಂದೆ.

ಅವನು ಹೋಗಿ ಗಾಡಿ ಶುರು ಮಾಡಿದ. ಅತ್ತೆ ಸೀರೆಯ ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಸೇತುವೆಗೆ ಬಂದಾಗ ಲಾರಿಗಳ ಸಾಲು ನಿಂತಿತ್ತು. ಎಂಜಿನ್ ಬಂದಾಯಿತು, ಕೂಲರ್ ನಡೆಯಿತು. ಮಾಮಾ ಖುಷಿಯಿಂದ, "ನೋಡು, ಹೊರಗ ಮಂದಿ ಸಾಯಾಕತ್ತಾರ" ಎಂದು ನೀರು ತರಲು ಇಳಿದ.

ನಾವಿಬ್ಬರೇ ಇದ್ದೆವು. ಅತ್ತೆ ಬಾಯಿಂದ ಸೆರಗು ತೆಗೆದು, "ಎಡಗಾಲು ಎಲ್ಲದ ಗೊತ್ತಾಗವಲ್ದು. ಮುಟ್ಟಿ ನೋಡು" ಎಂದಳು. ಹಿಮ್ಮಡಿ ಚಿವುಟಿದೆ. ಅವಳಿಗೆ ಗೊತ್ತಾಗಲಿಲ್ಲ. ನನಗೆ ಅಳು ಬಂತು.

"ಅತ್ತೀ, ನನಗೂ ನೋವಾಗಿತ್ತು ಅವತ್ತು. ಸೊಂಟಾ ಹಿಡದಿತ್ತು. ಮೂರು ದಿನ."

ಅತ್ತೆ ಬಯ್ಯುತ್ತಾಳೆಂದುಕೊಂಡೆ. ಬದಲಿಗೆ ಅವಳ ಮುಖ ಸಡಿಲಾಯಿತು. "ಹಂಗಾರ ನನಗ ಹುಚ್ಚ ಹಿಡದಿಲ್ಲ. ಎರಡು ವರ್ಷ ಆತು, ನಾನs ನಾಟಕ ಮಾಡಾಕತ್ತೀನೇನೋ ಅಂತ ನನಗs ಅನಸೂದು." ಆಮೇಲೆ, "ಅವರು ಬಂದ ಕೂಡಲೆ ಇಷ್ಟು ಹೇಳಿಬಿಡು. ನನ್ನ ಮಾತು ಅವರು ಕೇಳೂದಿಲ್ಲ. ನಿಂದು ಕೇಳ್ತಾರ. ಈಗ ತಿರಗಸಿದ್ರ ಕಾಲು ಉಳದೀತು."

ಮಾಮಾ ಬಾಗಿಲು ತೆರೆದು ನೀರಿನ ಬಾಟಲಿ ಒಳಗೆ ಚಾಚಿದ. "ಏನಂತಾಳ?"

ಅತ್ತೆಯ ಬೆರಳು ನನ್ನ ಮಣಿಕಟ್ಟಿನ ಮೇಲಿತ್ತು. ವಹಿ ಮುಂದಿನ ಸೀಟಿನ ಮೇಲಿತ್ತು, ನನ್ನ ಸಹಿಯೊಂದಿಗೆ.

"ಏನಿಲ್ಲ ಮಾಮಾ. ನೀರು ಬೇಕಾಗಿತ್ತಂತ."

ಬೆರಳು ತಾನಾಗಿಯೇ ಸರಿಯಿತು.

ಸೂರತ್ತು ಮುಟ್ಟುವುದರೊಳಗೆ ಎರಡೂ ಕಾಲು ಹೋಗಿದ್ದವು. ಅಲ್ಲಿನ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡು, ಆಗುವುದು ಇಷ್ಟೇ ಎಂದು ಆಂಬುಲೆನ್ಸಿನಲ್ಲಿ ಅಹಮದಾಬಾದಿಗೆ ಕಳಿಸಿದರು. ಬಾಗಲಕೋಟೆಯ ತಂಗಿ ಅದೇ ಮಳೆಗಾಲದಲ್ಲಿ ತೀರಿಕೊಂಡಳು. ಸುದ್ದಿ ಫೋನಿನಲ್ಲಿ ಬಂತು, ನಾನೇ ತೆಗೆದುಕೊಂಡೆ.

ಅತ್ತೆ ಮಾಮಾನಿಗೆ ಏನನ್ನೂ ಹೇಳಲಿಲ್ಲ. ನನ್ನೊಂದಿಗೆ ಮಾತು ಬಿಡಲೂ ಇಲ್ಲ. ನೀರು ಕೇಳುತ್ತಿದ್ದಳು, ಊಟವಾಯಿತೇ ಎಂದು ವಿಚಾರಿಸುತ್ತಿದ್ದಳು. ಬೆನ್ನು ಮಾತ್ರ ನನ್ನ ಕೈಗೆ ಕೊಡಲಿಲ್ಲ. "ನಿನಗ ಓದೂದು ಇರತದ, ಹೋಗು" ಎಂದಳು. ಎಣ್ಣೆ ತಿಕ್ಕಲು ಎದುರು ಮನೆಯ ಹೆಂಗಸು ಬರತೊಡಗಿದಳು. ನಾನು ಬಯಸಿದ್ದ ಬಿಡುವು ಹೀಗೆ ನನಗೆ ಸಿಕ್ಕಿತು. ಪುಸ್ತಕ ತೆರೆದಿಟ್ಟುಕೊಂಡು ಆಚೆ ಕೋಣೆಯಲ್ಲಿ ಕೂತಿರುತ್ತಿದ್ದೆ. ಗೋಡೆಯಾಚೆ ಆ ಹೆಂಗಸು ಮೆಲ್ಲಗೆ ಕೇಳುತ್ತಿದ್ದಳು, "ಅಹೀಂ ದುಖೇ ಛೇ?" ಇಲ್ಲಿ ನೋಯುತ್ತದೆಯೇ? ಅತ್ತೆ ತನ್ನ ಅರೆಬರೆ ಗುಜರಾತಿಯಲ್ಲಿ, ಅಲ್ಲಲ್ಲ, ಸ್ವಲ್ಪ ಕೆಳಗೆ, ಎಡಕ್ಕೆ ಎಂದು ಒಂದೊಂದೇ ಜಾಗ ತೋರಿಸಿ ಹೇಳುತ್ತಿದ್ದಳು. ಆ ಹೆಂಗಸು ಹೂಂ, ಹೂಂ ಎನ್ನುತ್ತಿದ್ದಳು.